ಗಯಾದ ಮೇಲೆ ಮೂರು ಸುತ್ತು

ನನ್ನ ಫೋನಿನ ಗಾಜಿನಲ್ಲಿ ಒಂದು ಬಿರುಕಿದೆ. ಕೆಳಗಿನ ಮೂಲೆಯಲ್ಲಿ ಶುರುವಾಗಿ, ನಡುವೆ ಕವಲೊಡೆದು, ಒಂದು ಮೇಲಕ್ಕೂ ಇನ್ನೊಂದು ಪಕ್ಕಕ್ಕೂ ಹೋಗಿದೆ. ನೋಡಿದವರಿಗೆ ಅದು ಬರೀ ಬಿರುಕು. ನನಗೆ ಮಾತ್ರ ಬೀರೂರು ಜಂಕ್ಷನ್ನಿನ ನಕ್ಷೆ ಕಾಣುತ್ತದೆ: ಕಡೂರಿನಿಂದ ಬಂದ ಹಳಿ ಬೀರೂರಿನಲ್ಲಿ ಒಡೆದು ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ರೈಲ್ವೆಯಲ್ಲಿ ದುಡಿದವನ ಕಣ್ಣು, ಎಲ್ಲಿ ಗೀಟು ಕಂಡರೂ ಹಳಿಯೇ. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು ಹೊಸ ಗಾಜು ಹಾಕಿಸಿಕೊಳ್ಳಿ, ಬೆರಳು ಕುಯ್ಯುತ್ತದೆ ಎಂದು ಪ್ರತಿ ಸಲವೂ ಹೇಳುತ್ತಾನೆ. ಹಾಕಿಸಬೇಕು ಎಂದುಕೊಂಡೇ ಹೋಗುತ್ತೇನೆ, ಹಾಗೇ ವಾಪಸು ಬರುತ್ತೇನೆ. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ನಾನು ಕಲಿತದ್ದೇ ಈಚೆಗೆ, ಈ ಬಿರುಕು ಬಿದ್ದ ಮೇಲೆ.

ನಾನು ಸ್ಟೇಷನ್ ಮಾಸ್ಟರ್ ಆಗಿದ್ದವನು. ಅಲ್ಲಿ ಇಲ್ಲಿ ತಿರುಗಿ, ಕೊನೆಯ ಹನ್ನೊಂದು ವರ್ಷ ಬೀರೂರಿನಲ್ಲಿದ್ದು ನಿವೃತ್ತನಾದೆ. ಮನೆ ಕಡೂರಿನಲ್ಲಿ. ಆ ಕೆಲಸದಲ್ಲಿ ಮನುಷ್ಯನಿಗೆ ತನಗೇ ತಿಳಿಯದಂತೆ ಒಂದು ಸೊಕ್ಕು ಬರುತ್ತದೆ. ಪ್ಲಾಟ್‌ಫಾರಂ ತುಂಬ ಜನ ಕತ್ತು ಚಾಚಿಕೊಂಡು ನಿಂತಿರುತ್ತಾರೆ. ಗಾಡಿ ಎಲ್ಲಿದೆ ಎನ್ನುವುದು ಅಷ್ಟು ಜನರಲ್ಲಿ ನಿಮ್ಮೊಬ್ಬರಿಗೆ ಗೊತ್ತಿರುತ್ತದೆ. ಅದೇನೂ ದೊಡ್ಡ ವಿದ್ಯೆಯಲ್ಲ. ಬೀರೂರಿನಿಂದ ಹೊರಟ ಗಾಡಿ ಅಜ್ಜಂಪುರಕ್ಕೆ ಹೋಗಬೇಕು, ಇಲ್ಲ ತರೀಕೆರೆಗೆ ಹೋಗಬೇಕು, ಇಲ್ಲ ಕಡೂರಿಗೆ ಹೋಗಬೇಕು. ನಾಲ್ಕನೆಯ ದಾರಿಯೇ ಇಲ್ಲ. ನಡುವೆ ಎಲ್ಲೋ ನಿಂತರೂ ಅದು ಹಳಿಯ ಮೇಲೇ ನಿಂತಿರಬೇಕು, ರಾಗಿ ಹೊಲಕ್ಕಿಳಿದು ತಿರುಗಾಡುವುದಿಲ್ಲ.

ಮನೆಗೆ ಬಂದ ಮೇಲೂ ಆ ಸೊಕ್ಕು ಇಳಿಯಲಿಲ್ಲ. ನನ್ನ ಹೆಂಡತಿ ಸುಮಿತ್ರ, ಹತ್ತೂವರೆ ಗಾಡಿಗೆ ಅಕ್ಕ ಬರುತ್ತಾಳಂತೆ ಎಂದರೆ, ಹತ್ತೂವರೆಗೆ ಯಾವ ಗಾಡಿಯೂ ಇಲ್ಲ, ಹತ್ತು ಇಪ್ಪತ್ತೆಂಟು ಎನ್ನುತ್ತಿದ್ದೆ. ಅಕ್ಕ ಯಾಕೆ ಬರುತ್ತಾಳೆ, ಹುಷಾರಾಗಿದ್ದಾಳಾ, ಎಷ್ಟು ದಿನ ಇರುತ್ತಾಳೆ ಎಂದೆಲ್ಲ ಕೇಳುತ್ತಿರಲಿಲ್ಲ. ಎರಡು ನಿಮಿಷದ ತಪ್ಪನ್ನು ತಿದ್ದಿದ ಸಮಾಧಾನದಲ್ಲಿ ಪೇಪರು ಮಗುಚುತ್ತಿದ್ದೆ. ಸುಮಿತ್ರ ಅಂಗನವಾಡಿ ಟೀಚರಾಗಿದ್ದವಳು. ನನಗಿಂತ ಹಟ ಮಾಡುವವರನ್ನು ದಿನಾ ಸಂಭಾಳಿಸಿ ಅಭ್ಯಾಸವಿದ್ದುದರಿಂದ ನಮ್ಮ ಸಂಸಾರ ನಡೆಯಿತು.

ವಿಮಾನದ ವಿಷಯದಲ್ಲಿ ಮಾತ್ರ ನನ್ನ ಗೊಂದಲ ಬಹಳ ಹಳೆಯದು. ನಾನು ಹುಟ್ಟಿ ಬೆಳೆದದ್ದು ಅಜ್ಜಂಪುರದಲ್ಲಿ. ಬೇಸಿಗೆಯಲ್ಲಿ ನಮ್ಮಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. ಯಾವಾಗಲಾದರೂ ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ನಾವು ಹುಡುಗರೆಲ್ಲ ಹೊರಗೆ ಓಡಿ ಕೈ ಬೀಸುತ್ತಿದ್ದೆವು. ಅಜ್ಜಿಯೂ ಓಡುತ್ತಿದ್ದಳು, ಹಳೆಯ ಸೀರೆಯೊಂದನ್ನು ತಂದು ಸಂಡಿಗೆಯ ಮೇಲೆ ಮುಚ್ಚುವುದಕ್ಕೆ. ಯಾಕಜ್ಜಿ ಎಂದರೆ, "ಅಷ್ಟು ಜನ ಕೂತಿರ್ತಾರೆ, ಒಬ್ಬನಾದ್ರೂ ಎಲೆ ಅಡಿಕೆ ಹಾಕ್ಕೊಂಡಿರಲ್ವೇನ್ಲಾ" ಎನ್ನುತ್ತಿದ್ದಳು. ಸದ್ದು ಪೂರಾ ಅಡಗಿದ ಮೇಲೆಯೇ ಸೀರೆ ತೆಗೆಯುತ್ತಿದ್ದಳು. ನಾನೂ ಬಹಳ ದಿನ ವಿಮಾನಕ್ಕೆ ಬಸ್ಸಿನ ಹಾಗೆ ತೆರೆದ ಕಿಟಕಿಗಳಿರುತ್ತವೆ ಎಂದೇ ನಂಬಿದ್ದೆ.

ಇಸ್ಕೂಲಿನಲ್ಲಿ ಒಮ್ಮೆ ಮೇಷ್ಟ್ರು ಈ ವಿಮಾನಗಳೆಲ್ಲ ಎಲ್ಲಿಂದ ಬರುತ್ತವೆ ಎಂದು ಕೇಳಿದರು. ನಾನು ಎದ್ದು ನಿಂತು ಬೀರೂರಿನಿಂದ ಎಂದೆ. ತರಗತಿ ನಕ್ಕಿತು. ನಗುವಂಥದ್ದೇನಿತ್ತು? ಸೀಮೆಎಣ್ಣೆ, ಪೋಸ್ಟಿನ ಚೀಲ, ಸೋದರಮಾವ, ಐಸ್ ಕ್ಯಾಂಡಿಯ ಡಬ್ಬ, ಅಜ್ಜಂಪುರಕ್ಕೆ ಬರುತ್ತಿದ್ದದ್ದೆಲ್ಲ ಬೀರೂರಿನಿಂದಲೇ.

ಇರಲಿ. ತರೀಕೆರೆಯ ಬುದ್ಧ ವಿಹಾರದವರು ಕಳೆದ ಚಳಿಗಾಲದಲ್ಲಿ ಬೋಧಗಯೆಗೆ ಯಾತ್ರೆ ಹೊರಡಿಸಿದರು. ಸುಮಿತ್ರ ಸಖರಾಯಪಟ್ಟಣದವಳು, ಅವಳ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡವರು. ನಮ್ಮ ನಡುಮನೆಯ ಗೋಡೆಯಲ್ಲಿ ಬುದ್ಧನೂ ನಮ್ಮ ಸೀಮೆಯ ದೇವತೆ ಅಂತರಘಟ್ಟಮ್ಮನೂ ಅಕ್ಕಪಕ್ಕದ ಮೊಳೆಗಳಲ್ಲಿದ್ದಾರೆ, ಈವರೆಗೆ ಒಬ್ಬರಿಗೊಬ್ಬರು ತೊಂದರೆ ಕೊಟ್ಟಿಲ್ಲ. ಅಜ್ಜಂಪುರಕ್ಕೆ ಕೊಟ್ಟಿರುವ ಅವಳ ಅಕ್ಕ ರತ್ನಮ್ಮನೂ ಹೊರಟಳು. ಒಟ್ಟು ಹದಿನಾಲ್ಕು ಜನ. ಬೆಂಗಳೂರಿನ ತನಕ ರೈಲು, ಅಲ್ಲಿಂದ ಗಯಾಕ್ಕೆ ವಿಮಾನ.

ನೀವೂ ಬನ್ನಿ ಎಂದು ಸುಮಿತ್ರ ನಾಲ್ಕು ಸಂಜೆ ಕರೆದಳು. ನಾನು ಮಂಡಿ ನೋವು ಎಂದೆ. ಮಂಡಿ ಬಗ್ಗಿಸುವ ಕೆಲಸ ವಿಮಾನದಲ್ಲಿಲ್ಲ ಎಂದಳು. ರೈಲಿನಲ್ಲಾದರೆ ಬರುತ್ತಿದ್ದೆ ಎಂದೆ. ನಿಜ ಏನೆಂದರೆ ನನಗೆ ಭಯ. ಕೆಳಗೆ ಹಳಿಯಿಲ್ಲದ ಗಾಡಿಯಲ್ಲಿ ಕೂರುವುದು ನನ್ನಿಂದಾಗದು. ಅದನ್ನು ಬಾಯಿಬಿಟ್ಟು ಹೇಳುವ ಬದಲು ನಾನು ಜಾಣತನ ತೋರಿಸಲು ಹೋದೆ. "ಬುದ್ಧನಿಗೆ ಕೂತಲ್ಲೇ ಜ್ಞಾನ ಬಂತು. ನೀನ್ಯಾಕೆ ಅಷ್ಟು ದೂರ ಹಾರ್ಬೇಕು?"

"ಅವನಿಗೂ ಮನೆ ಬಿಟ್ಟು ಹೋದ್ಮೇಲೇ ಅಲ್ವೇನ್ರೀ ಬಂದಿದ್ದು," ಎಂದಳು ಸುಮಿತ್ರ, ಸೊಪ್ಪು ಬಿಡಿಸುತ್ತಲೇ.

ಇಂಥ ಉತ್ತರ ಕೇಳಿದ ಮೇಲೆ ಒಳ್ಳೆಯ ಗಂಡಸು ನಗಬೇಕು. ನಾನು ಮುಖ ಊದಿಸಿಕೊಂಡೆ. ಅವಳು ಯಾತ್ರೆಯ ಮಾತು ತೆಗೆದಾಗಲೆಲ್ಲ ಟೀವಿಯ ಸದ್ದು ಏರಿಸಿದೆ. ಹೊರಡುವ ದಿನ, ಸೋಮವಾರ, ಅವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಏನೇನೋ ಹೇಳಿದಳು. ಹಾಲಿನವನಿಗೆ ತಿಳಿಸಿದೀನಿ, ಗ್ಯಾಸು ಆರಿಸೋದು ಮರೀಬೇಡಿ, ಹುಳಿಪುಡಿ ಕೆಂಪು ಡಬ್ಬದಲ್ಲಿದೆ, ಬೆಂಗಳೂರಿನ ವಿಹಾರ, ಪ್ರವಚನ, ಇನ್ನೂ ಏನೋ. ನಾನು ಟೀವಿಯ ಕಡೆ ಮುಖ ಮಾಡಿಕೊಂಡು ಹೂಂ ಹೂಂ ಎಂದೆ. ವಿಮಾನದ ನಂಬರನ್ನೂ ಹತ್ತೂ ಕಾಲು ಎಂಬ ಹೊತ್ತನ್ನೂ ಬರೆದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ತಲುಪಿದ ಮೇಲೆ ಫೋನ್ ಮಾಡುತ್ತೇನೆ ಎಂದಳು. ಆಗ ನಾನು ಆಡಿದ ಮಾತು ಇದು: "ಹೋಗೋರು ಹೋಗಿ. ನನಗೇನೂ ಫೋನ್ ಮಾಡ್ಬೇಕಾಗಿಲ್ಲ."

ಅವಳು ಒಂದು ಗಳಿಗೆ ನಿಂತು, ಚಪ್ಪಲಿ ಮೆಟ್ಟಿಕೊಂಡು ಹೋದಳು. ನಮ್ಮ ಮನೆಗೂ ಕಡೂರು ಸ್ಟೇಷನ್ನಿಗೂ ಹತ್ತು ನಿಮಿಷದ ನಡಿಗೆ. ಯಾರ್ಯಾರದೋ ಗಾಡಿಗಳಿಗೆ ಹಸಿರು ಬಾವುಟ ತೋರಿಸಿದವನು ಹೆಂಡತಿಯ ಗಾಡಿ ಹೊರಡುವಾಗ ಮನೆಯಲ್ಲಿ ಕೂತಿದ್ದೆ. ಗಾಡಿ ಬಂದ ಸದ್ದೂ ಕೇಳಿಸಿತು, ಹೋದ ಸದ್ದೂ ಕೇಳಿಸಿತು. ಆರು ನಿಮಿಷ ಲೇಟು.

ಈಗ ಒಂದು ಗುಟ್ಟು ಹೇಳಬೇಕು. ಯಾತ್ರೆಗೆ ಮೂರು ವಾರ ಮುಂಚೆ ವಿಹಾರದ ಕಾರ್ಯದರ್ಶಿಗಳು, ಮನೆಯವರು ವಿಮಾನ ಎಲ್ಲಿದೆ ಎಂದು ಫೋನಿನಲ್ಲೇ ನೋಡಬಹುದು ಎಂದು ಒಂದು ಆಪ್ ಕಳಿಸಿದ್ದರು. ಸುಮಿತ್ರ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ನನಗೆ ಬೇಡ ಎಂದಿದ್ದೆ. ಆದರೆ ಅವಳು ಮಧ್ಯಾಹ್ನ ಮಲಗಿದಾಗ ಕದ್ದು ತೆರೆದು ನೋಡಿದ್ದೆ, ಆಮೇಲೆ ಬಿಡಲಾಗಲಿಲ್ಲ. ಭೂಪಟದ ತುಂಬ ಹಳದಿ ವಿಮಾನಗಳು, ಮಳೆ ಬಿದ್ದ ಮಾರನೆಯ ದಿನದ ಈಚಲುಹುಳದ ಹಾಗೆ. ಮುಟ್ಟಿದರೆ ಯಾವ ಊರಿನದು, ಯಾವ ಊರಿಗೆ, ಎಷ್ಟು ಎತ್ತರ, ಎಲ್ಲ ಹೇಳುತ್ತದೆ.

ಇದನ್ನು ನೋಡುತ್ತ ಕೂರುವವರು ಪ್ರಪಂಚದ ತುಂಬ ಇದ್ದಾರೆ ಎನ್ನುವುದೂ ಆಗಲೇ ತಿಳಿದದ್ದು. ಜನ ಹೆಚ್ಚಾಗಿ ನೋಡುವ ಜಾಗಗಳು ಅಂತ ಒಂದು ಪಟ್ಟಿಯೇ ಸಿಕ್ಕಿತು. ಲಂಡನ್ನಿನಲ್ಲಿ ಬಿರುಗಾಳಿ ಎದ್ದರೆ ಅಲ್ಲಿಯ ವಿಮಾನಗಳು ಹೇಗೆ ಇಳಿಯುತ್ತವೆ ಎಂದು ಎಲ್ಲೆಲ್ಲಿಯವರೋ ಉಸಿರು ಬಿಗಿಹಿಡಿದು ನೋಡುತ್ತಾರಂತೆ. ಅಮೆರಿಕದ ಅಟ್ಲಾಂಟದಲ್ಲಿ ಇಳಿಯುವ ವಿಮಾನಗಳ ಸಾಲು ನೋಡಿದರೆ ನಮ್ಮ ಕಡೂರಿನ ಸೋಮವಾರದ ಸಂತೆ ಏನೇನೂ ಅಲ್ಲ. ಎಲ್ಲೋ ಒಂದು ದ್ವೀಪದಲ್ಲಿ ಸಮುದ್ರಸ್ನಾನ ಮಾಡುವವರ ತಲೆಯ ಮೇಲೇ ವಿಮಾನ ಇಳಿಯುತ್ತದೆ, ಜನ ಬೇಕೆಂದೇ ಅಲ್ಲಿ ಹೋಗಿ ನಿಲ್ಲುತ್ತಾರೆ. ನಮ್ಮಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರೆ ಎಷ್ಟು ಸೀರೆ ಬೇಕಾಗುತ್ತಿತ್ತೋ. ದುಬೈ, ಸಿಂಗಪುರ, ನೇಪಾಳದ ಬೆಟ್ಟದ ತುದಿಯ ಒಂದು ಪುಟ್ಟ ನಿಲ್ದಾಣ. ಊಟವಾದ ಮೇಲೆ ಒಂದು ಸುತ್ತು ಎಲ್ಲ ಕಡೆಯೂ ಹೋಗಿ ಬರುತ್ತಿದ್ದೆ. ಪಟ್ಟಿಯಲ್ಲಿ ಕಡೂರು ಇರಲಿಲ್ಲ. ಭೂಪಟದಲ್ಲಿ ಹುಡುಕಿದರೆ ಕಡೂರಿನ ಹೆಸರಿನ ಮೇಲೆ ಗೋವಾಕ್ಕೆ ಹೋಗುವ ವಿಮಾನವೊಂದು ಕೂತು ಡೂರು ಅಂತ ಮಾತ್ರ ಕಾಣುತ್ತಿತ್ತು.

ನೋಡಿದಷ್ಟೂ ತಲೆ ಕೆಡುತ್ತಿತ್ತು. ದೆಹಲಿಯಿಂದ ಅಮೆರಿಕಕ್ಕೆ ಹೊರಟದ್ದು ಪಶ್ಚಿಮಕ್ಕೆ ಹೋಗುವುದು ಬಿಟ್ಟು ಉತ್ತರಕ್ಕೆ ಯಾಕೆ ತಿರುಗುತ್ತದೆ? ಜಪಾನಿನಿಂದ ಮಂಗಳವಾರ ಹೊರಟದ್ದು ಅಮೆರಿಕಕ್ಕೆ ಅದೇ ಮಂಗಳವಾರ, ಹೊರಟ ಹೊತ್ತಿಗಿಂತಲೂ ಮುಂಚೆ ತಲುಪುತ್ತದೆ. ಇದನ್ನು ಒಬ್ಬ ಸ್ಟೇಷನ್ ಮಾಸ್ಟರು ಯಾವ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು, ನೀವೇ ಹೇಳಿ. ಫೋನಿನಲ್ಲಿ ತರೀಕೆರೆಯ ಮೇಲೆ ವಿಮಾನ ಕಂಡಿತೆಂದು ತಾರಸಿಗೆ ಓಡಿದರೆ ಆಕಾಶದಲ್ಲಿ ಒಂದು ಹದ್ದು. ತಲೆಯ ಮೇಲೆ ಗುಡುಗಿದ ಹಾಗೆ ಸದ್ದು ಹೋದಾಗ ಫೋನು ತೆರೆದರೆ ಅಲ್ಲಿ ಏನೂ ಇಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ನಾನು ಫೋನನ್ನು ನಂಬಿದೆ.

ಸುಮಿತ್ರ ಹೋದ ದಿನ ಸಂಜೆ ನನ್ನ ಷಡ್ಡಕ ಹನುಮಂತಪ್ಪ, ಅಂದರೆ ರತ್ನಮ್ಮನ ಗಂಡ, ಅಜ್ಜಂಪುರದಿಂದ ಫೋನ್ ಮಾಡಿದ. ತೆಂಗಿನ ತೋಟದವನು, ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಹನುಮಂತಣ್ಣ ಎನ್ನುತ್ತೇನೆ, ಅವನು ನನ್ನನ್ನು ಮಾಸ್ಟ್ರೇ ಎನ್ನುತ್ತಾನೆ. ವಿಮಾನ ಯಾವತ್ತು ಎಂದು ಕೇಳಿದ. ನಾಳೆ ಬೆಳಿಗ್ಗೆ ಹತ್ತೂ ಕಾಲಿಗೆ ಎಂದು ನಾನು ಮೈಕಿನಲ್ಲಿ ಹೇಳಿದಷ್ಟು ಖಚಿತವಾಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರೆ ಬತ್ತೀನಿ ಇರಿ ಎಂದು ಫೋನಿಟ್ಟ.

ಮಂಗಳವಾರ ಎಂಟೂವರೆಗೆಲ್ಲ ಒಂದು ಚೀಲ ಅವರೆಕಾಯಿ, ಎರಡು ಎಳನೀರು ಹಿಡಿದುಕೊಂಡು ಬಂದುಬಿಟ್ಟ. ಅವಳಿಲ್ಲದಿದ್ದರೆ ಮನೆಯ ನಾಯಿಯೂ ತನ್ನ ಮಾತು ಕೇಳುವುದಿಲ್ಲ ಎಂದ. ನಡುಮನೆಯಲ್ಲಿ ಚಾಪೆ ಹಾಸಿ, ಫೋನನ್ನು ಚೊಂಬಿಗೆ ಒರಗಿಸಿ ನಿಲ್ಲಿಸಿ, ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತೆವು. ನಾನು ಪಕ್ಕದಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡಿದ್ದೆ. ಹತ್ತೂ ಇಪ್ಪತ್ತೇಳಕ್ಕೆ ಹಳದಿ ವಿಮಾನ ಬೆಂಗಳೂರು ಬಿಟ್ಟಿತು. ಹನ್ನೆರಡು ನಿಮಿಷ ಲೇಟು ಎಂದು ಬರೆದುಕೊಂಡೆ.

ಹನುಮಂತಣ್ಣ ಕೈ ಮುಗಿದ. ಆಮೇಲೆ ಅವನ ಪ್ರಶ್ನೆಗಳು ಶುರುವಾದವು. ಈಗ ತಿಂಡಿ ಕೊಟ್ಟಿರುತ್ತಾರಾ, ಕೊಟ್ಟರೆ ಉಪ್ಪಿಟ್ಟೋ ಇಡ್ಲಿಯೋ, ಅಷ್ಟು ಎತ್ತರದಲ್ಲಿ ಚಳಿ ಆಗುವುದಿಲ್ಲವಾ, ರತ್ನ ಶಾಲು ಬಿಟ್ಟು ಹೋಗಿದ್ದಾಳಲ್ಲ. ಕಿಟಕಿಯ ಪಕ್ಕ ಯಾರು ಕೂತಿರಬಹುದು ಎಂಬುದರ ಮೇಲೆ ಅರ್ಧ ಗಂಟೆ ಮಾತಾಯಿತು. ರತ್ನ ಬಿಟ್ಟುಕೊಡುವವಳಲ್ಲ ಎಂದು ಅವನು, ಸುಮಿತ್ರ ಕೇಳಿ ಇಸಿದುಕೊಂಡಿರುತ್ತಾಳೆ ಎಂದು ನಾನು. ನಾನಾದರೋ ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಒಂದೂ ನನಗೆ ಗೊತ್ತಿರಲಿಲ್ಲ. ವಿಮಾನ ಆಂಧ್ರ ದಾಟಿತು, ತೆಲಂಗಾಣ ದಾಟಿತು, ಹೆಸರು ಕೇಳದ ಕಾಡುಗಳ ಮೇಲೆ ಹೋಯಿತು. ನಡುವೆ ಎದ್ದು ಅನ್ನಕ್ಕಿಟ್ಟು ಬಂದೆ. ಅದು ತಳ ಹಿಡಿದದ್ದು ಇಬ್ಬರ ಮೂಗಿಗೂ ಗೊತ್ತಾಯಿತು, ಇಬ್ಬರೂ ಏಳಲಿಲ್ಲ.

ಗಯಾ ಹತ್ತಿರ ಬಂದಾಗ ಹನುಮಂತಣ್ಣ ಸುಲಿಯುವುದು ನಿಲ್ಲಿಸಿದ. ಹಳದಿ ವಿಮಾನ ಊರಿನ ಹೆಸರಿನ ತನಕ ಹೋಗಿ, ಇಳಿಯುವುದು ಬಿಟ್ಟು, ಬಲಕ್ಕೆ ಬಾಗಿತು. ಒಂದು ಸುತ್ತು ಹಾಕಿತು. ಒಳಕ್ಕೆ ಬರಲು ಹೋಂ ಸಿಗ್ನಲ್ ಕೊಟ್ಟಿಲ್ಲ, ಲೈನ್ ಖಾಲಿಯಿರಲಿಕ್ಕಿಲ್ಲ ಎಂದು ನಾನು ವಿವರಿಸಿದೆ. ಎರಡನೆಯ ಸುತ್ತು ಹಾಕಿತು. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಮಂಜು ಕವಿಯುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಯಿತು, ಅದನ್ನೂ ಹೇಳಿದೆ. ಮೂರನೆಯ ಸುತ್ತಿಗೆ ನನ್ನಲ್ಲಿ ವಿವರಣೆ ಉಳಿದಿರಲಿಲ್ಲ.

"ಎಣ್ಣೆ ಎಷ್ಟಿರುತ್ತೆ ಮಾಸ್ಟ್ರೇ?" ಎಂದು ಹನುಮಂತಣ್ಣ ಮೆಲ್ಲಗೆ ಕೇಳಿದ.

ಬೇಕಾದಷ್ಟು ಇರುತ್ತದೆ ಎಂದೆ. ವಿಮಾನ ಸುತ್ತುವುದು ಬಿಟ್ಟು, ಗಯಾಕ್ಕೆ ಬೆನ್ನು ಹಾಕಿ, ಪಶ್ಚಿಮದ ಕಡೆ ಹೊರಟಿತು. ಬೀರೂರು ಬಿಟ್ಟದ್ದು ಕಡೂರಿನಲ್ಲಿ ನಿಲ್ಲದೆ ಎತ್ತಲೋ ಹೊರಟಂತೆ. ಎತ್ತರದ ಅಂಕಿ ಇಳಿಯುತ್ತ ಹೋಯಿತು. ಹತ್ತಿರದಿಂದ ನೋಡೋಣವೆಂದು ಫೋನನ್ನು ಕೈಗೆತ್ತಿಕೊಂಡೆ. ನೋಡುತ್ತಿದ್ದ ಹಾಗೇ ಹಳದಿ ವಿಮಾನ ಮಾಯವಾಯಿತು. ಭೂಪಟ ಇತ್ತು, ಊರುಗಳ ಹೆಸರಿತ್ತು, ಹೊಳೆಯಿತ್ತು. ವಿಮಾನ ಇರಲಿಲ್ಲ.

ಫೋನು ನನ್ನ ಕೈಯಿಂದ ಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಬಿರುಕು ಬಿದ್ದದ್ದು ಆಗ.

ಎತ್ತಿಕೊಂಡು ಸುಮಿತ್ರಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ವಿಮಾನದಲ್ಲಿ ಆಫ್ ಇರಬೇಕಾದ್ದೇ ಎಂದು ಬುದ್ಧಿ ಹೇಳಿತು, ಬೆರಳು ಮತ್ತೆ ಒತ್ತಿತು. ರತ್ನಮ್ಮನ ಹತ್ತಿರ ಫೋನಿಲ್ಲ. ಕಾರ್ಯದರ್ಶಿಗಳದ್ದೂ ಆಫ್. ಮತ್ತೆ ಸುಮಿತ್ರ, ಮತ್ತೆ ಕಾರ್ಯದರ್ಶಿ. ಆಪ್ ತೆರೆದರೆ ಅದೇ ಖಾಲಿ ಭೂಪಟ. ಟೀವಿ ಹಾಕೋಣವೆಂದು ರಿಮೋಟು ತೆಗೆದುಕೊಂಡವನು ಹಾಕಲಾಗದೆ ಇಟ್ಟುಬಿಟ್ಟೆ.

ಹನುಮಂತಣ್ಣ ಗೋಡೆಯ ಕಡೆ ತಿರುಗಿ ಕೂತಿದ್ದ. ಅಂತರಘಟ್ಟೆಗೆ ನಡೆದುಕೊಂಡೇ ಬರುತ್ತೇನೆ, ಇಬ್ಬರ ಕೈಲೂ ಮಡಿಲಕ್ಕಿ ಹಾಕಿಸುತ್ತೇನೆ ಎಂದು ಅಮ್ಮನಿಗೆ ಹರಕೆ ಹೊತ್ತುಕೊಂಡ. ಪಕ್ಕದಲ್ಲಿದ್ದ ಬುದ್ಧನ ಫೋಟೋ ನೋಡಿ ಅವನಿಗೆ ಗೊಂದಲವಾಯಿತು. "ಇವನು ಏನೂ ಕೇಳಲ್ಲ ಅಂತಾರೆ. ಕೇಳ್ದೆ ಇರೋನಿಗೆ ಏನಂತ ಹರಕೆ ಹೊರ್ಲಿ ಮಾಸ್ಟ್ರೇ?" ಎಂದವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಇಷ್ಟು ವರ್ಷದ ನೆಂಟಸ್ತನದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ನನಗೆ ಹರಕೆಯೂ ಹೊಳೆಯಲಿಲ್ಲ. ನನ್ನ ಕಿವಿಯಲ್ಲಿ ಇದ್ದದ್ದು ಒಂದೇ ಮಾತು, ನನಗೇನೂ ಫೋನ್ ಮಾಡ್ಬೇಕಾಗಿಲ್ಲ. ಮೂವತ್ತೆಂಟು ವರ್ಷ ಜೊತೆಗಿದ್ದವಳಿಗೆ ಬಾಗಿಲಲ್ಲಿ ಹೇಳಿ ಕಳಿಸಿದ ಮಾತು ಅದು. ಅವಳು ಒಂದು ಗಳಿಗೆ ನಿಂತಿದ್ದಳಲ್ಲ, ಆಗ ಅವಳ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನಾನು ನೋಡಿರಲೇ ಇಲ್ಲ.

ಇಪ್ಪತ್ತು ನಿಮಿಷ ಹೀಗೆ ಹೋಗಿರಬಹುದು. ಫೋನು ಹೊಡೆದುಕೊಂಡಿತು. ಕಾರ್ಯದರ್ಶಿಗಳ ನಂಬರು. ಎತ್ತಿದರೆ ಸುಮಿತ್ರಳ ದನಿ.

"ಏನ್ರೀ, ಇವರ ಫೋನಿಗೆ ಹನ್ನೊಂದು ಸಲ ಮಾಡಿದೀರಂತಲ್ಲ. ಹುಷಾರಾಗಿದೀರಾ?"

"ಎಲ್ಲಿದೀಯಾ?"

"ಎಲ್ಲಿ ಅಂದ್ರೆ? ಬೆಂಗಳೂರಲ್ಲಿ, ವಿಹಾರದಲ್ಲಿ. ಪ್ರವಚನ ಈಗ ಮುಗೀತು. ಎಲ್ಲರೂ ಫೋನ್ ಆಫ್ ಮಾಡಿ ಅಂದಿದ್ರು."

"ವಿಮಾನ?"

"ವಿಮಾನ ನಾಳೆ ಅಲ್ವೇನ್ರೀ, ಬುಧವಾರ." ಅವಳೇ ಮತ್ತೆ ಹೇಳಿದಳು. "ಮೂರು ಸಲ ಹೇಳಿದ್ದೆ. ಹೊರಡೋವಾಗ್ಲೂ ಬಾಗ್ಲಲ್ಲಿ ನಿಂತ್ಕೊಂಡು ಹೇಳ್ದೆ."

ಜೀವಮಾನದಲ್ಲಿ ಅಂಥ ಮಾತಿಗೆ ನಾನು ಕೊಡುತ್ತಿದ್ದ ಉತ್ತರಗಳು ಹತ್ತಾರಿವೆ.

"ನೀನು ಹೇಳಿದ್ದೆ ಕಣೇ," ಎಂದೆ. "ನಾನು ಕೇಳಿಸ್ಕೊಳ್ಲಿಲ್ಲ."

ಆಮೇಲೆ ಅವಳು ತನ್ನ ಫೋನಿನ ಸಂಗತಿ ಹೇಳಿದಳು. ವಿಮಾನದಲ್ಲಿ ಏನು ಒತ್ತಬೇಕೆಂದು ರೈಲಿನಲ್ಲೇ ಅಭ್ಯಾಸ ಮಾಡಲು ಹೋಗಿ ವಿಮಾನದ ಗುರುತು ಒತ್ತಿದ್ದಾಳೆ, ಆಮೇಲೆ ಅದನ್ನು ತೆಗೆಯಲು ಬಂದಿಲ್ಲ, ನಿನ್ನೆಯಿಂದ ಫೋನು ಸತ್ತ ಹಾಗಿದೆ. ಬೇಡ ಅಂದಿದ್ದೀರಲ್ಲ, ಅದಕ್ಕೇ ಬೇರೆಯವರ ಫೋನಿನಲ್ಲೂ ಮಾಡಲಿಲ್ಲ ಎಂದಳು. ನಾನು ಅಂದಿದ್ದು ತಪ್ಪು ಎಂದೆ. ಊಟಕ್ಕೆ ಏನು ಮಾಡಿದ್ದಾರೆ ಎಂದು ಕೇಳಿದೆ. ಬಿಸಿಬೇಳೆಬಾತು ಎಂದು ಹೇಳಿ, ನಿಜವಾಗಿಯೂ ಹುಷಾರಾಗಿದ್ದೀರಾ ಎಂದು ಮತ್ತೊಮ್ಮೆ ವಿಚಾರಿಸಿದಳು.

ಫೋನಿಟ್ಟು ಹನುಮಂತಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದೆ. "ರತ್ನ ಬುಧವಾರ ಅಂದಂಗಿತ್ತು," ಎಂದ. "ನೀವು ಮಂಗಳವಾರ ಅಂದ್ರಿ. ರೈಲ್ವೆನೋರಲ್ವಾ, ನಿಮಗೇ ಸರ್ಯಾಗಿ ಗೊತ್ತಿರುತ್ತೆ ಅಂತ ಸುಮ್ನಾದೆ." ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಇಬ್ಬರಿಗೂ ನಗು ಬಂತು. ಸ್ವಲ್ಪ ಹೊತ್ತು ನಕ್ಕೆವು. ನಗುತ್ತಿದ್ದ ಹನುಮಂತಣ್ಣ ತಟ್ಟನೆ ನಿಲ್ಲಿಸಿದ.

"ಹಂಗಾದ್ರೆ ಆ ವಿಮಾನ ಯಾರ್ದು?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಂಬರು ದಿನಾ ಅದೇ. ಮಂಗಳವಾರವೂ ಅದೇ ನಂಬರಿನಲ್ಲಿ ಒಂದು ವಿಮಾನ, ಅದರ ತುಂಬ ಜನ. ಅದು ಸುತ್ತಿದ್ದು ನಿಜ, ಗಯಾಕ್ಕೆ ಬೆನ್ನು ಹಾಕಿದ್ದು ನಿಜ, ಕಾಣದೆ ಹೋದದ್ದೂ ನಿಜ. ನಮ್ಮವರು ಬಿಸಿಬೇಳೆಬಾತು ತಿನ್ನುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಊಟ ಮಾಡೋಣ ಏಳು ಹನುಮಂತಣ್ಣ ಎಂದೆ. ಅವನು ಏಳಲಿಲ್ಲ.

"ನಮ್ಮೋರಿಲ್ಲ ಅಂತ ಬಿಟ್ಟೋಗಕ್ಕಾಗುತ್ತಾ ಮಾಸ್ಟ್ರೇ. ತೆಗೀರಿ, ನೋಡಣ."

ಬಿರುಕು ಬಿಟ್ಟ ಗಾಜಿನ ಮೇಲೆ ಮತ್ತೆ ಭೂಪಟ ತೆರೆದೆ. ನಂಬರು ಹಾಕಿದೆ. ಮೊದಲು ಏನೂ ಇಲ್ಲ. ಎರಡನೆಯ ಸಲ ಹಾಕಿದಾಗ ವಾರಾಣಸಿಯ ಹೆಸರಿನ ಪಕ್ಕದಲ್ಲಿ ಹಳದಿ ವಿಮಾನ ಕಂಡಿತು. ಎತ್ತರ ಸೊನ್ನೆ, ವೇಗ ಸೊನ್ನೆ. ಮಂಜಿನಿಂದ ಗಯಾದಲ್ಲಿ ಇಳಿಯಲಾಗದೆ ಅಲ್ಲಿ ಹೋಗಿ ಇಳಿದಿತ್ತು. ನಡುವೆ ಅದು ಎಲ್ಲಿ ಮರೆಯಾಗಿತ್ತು, ಆಪಿಗೆ ಯಾಕೆ ಕಾಣಲಿಲ್ಲ, ನನಗೆ ಇವತ್ತಿಗೂ ತಿಳಿಯದು. ಹನುಮಂತಣ್ಣ ಅದಕ್ಕೂ ಒಮ್ಮೆ ಕೈ ಮುಗಿದು, ಈಗ ಹಾಕಿ ಊಟ ಎಂದ. ತಳ ಹಿಡಿದ ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದೆವು. ಹರಕೆಯನ್ನೇನು ಮಾಡುತ್ತೀಯ ಎಂದು ಕೇಳಿದ್ದಕ್ಕೆ, ಹೊತ್ತದ್ದು ಹೊತ್ತಾಯಿತು, ಯಾರಿಗೋ ಒಬ್ಬರಿಗೆ ಫಲಿಸಿತಲ್ಲ ಎಂದ. ಮುಂದಿನ ತಿಂಗಳು ನಡೆದುಕೊಂಡು ಹೋಗಿಯೂ ಬಂದ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆವತ್ತು ನಾವು ಸಂಕಟಪಟ್ಟದ್ದು ಯಾರಿಗಾಗಿ? ನಮ್ಮ ಹೆಂಡತಿಯರಿಗಾಗಿ ಎಂದರೆ ಅವರು ಅಲ್ಲಿರಲಿಲ್ಲ. ಅಲ್ಲಿದ್ದವರಿಗಾಗಿ ಎಂದರೆ ಅವರು ಯಾರೆಂದು ಗೊತ್ತಿಲ್ಲ. ಲಂಡನ್ನಿನ ಬಿರುಗಾಳಿ ನೋಡುವವರಿಗೂ ಹೀಗೇ ಆಗುತ್ತದೋ, ಇಲ್ಲ ಅವರು ನೋಡಿ ಫೋನಿಟ್ಟು ಮಲಗುತ್ತಾರೋ.

ಬುಧವಾರ ಮಂಜು ಇರಲಿಲ್ಲ. ಹನುಮಂತಣ್ಣ ರಾತ್ರಿ ನಮ್ಮಲ್ಲೇ ಉಳಿದಿದ್ದ. ವಿಮಾನ ಹೊತ್ತಿಗೆ ಸರಿಯಾಗಿ ಹೊರಟು, ಒಂದೂ ಸುತ್ತು ಹಾಕದೆ ಗಯಾದಲ್ಲಿ ಇಳಿಯಿತು. ಹತ್ತು ನಿಮಿಷಕ್ಕೆ ಸುಮಿತ್ರಳ ಫೋನ್ ಬಂತು, ಅವಳದೇ ನಂಬರಿನಿಂದ; ಯಾರೋ ಆ ವಿಮಾನದ ಗುರುತು ತೆಗೆದುಕೊಟ್ಟಿದ್ದರು. ರತ್ನಮ್ಮನಿಗೆ ಒಮ್ಮೆ ವಾಂತಿಯಾಯಿತಂತೆ, ಈಗ ಸರಿಹೋಗಿದ್ದಾಳಂತೆ. ಹನುಮಂತಣ್ಣ ಫೋನು ಕಸಿದುಕೊಂಡು ಶಾಲಿನ ವಿಷಯ ವಿಚಾರಿಸಿದ.

ಒಂಬತ್ತನೆಯ ದಿನ ಅವರು ವಾಪಸು ಬಂದರು. ಗಾಡಿಗೆ ಇನ್ನೂ ಒಂದು ಗಂಟೆ ಇರುವಾಗಲೇ ನಾನು ಕಡೂರು ಸ್ಟೇಷನ್ನಿನ ಬೆಂಚಿನ ಮೇಲಿದ್ದೆ. ಸುಮಿತ್ರ ಇಳಿದಳು, ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಳು. ಬೀರೂರಿನ ತನಕ ಹೋಗಿ ಅಜ್ಜಂಪುರದ ಗಾಡಿ ಹಿಡಿಯಬೇಕಿದ್ದ ರತ್ನಮ್ಮ ಕಿಟಕಿಯಿಂದ ಕೈ ಬೀಸಿದಳು. ನಾನು ಬ್ಯಾಗು ಇಸಿದುಕೊಂಡೆ. ಗೇಟು ದಾಟಿ ರಸ್ತೆಗೆ ಬಂದೆವು. ಆಮೇಲೆ ನಾನು, ವಿಮಾನ ಮೇಲೆದ್ದಾಗ ಹೇಗನ್ನಿಸಿತು ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ನಿಧಾನವಾಗಿ ಹೇಳತೊಡಗಿದಳು. ಮೊದಲು ಭಯವಾಯಿತು, ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ನೀವು ಬಂದಿದ್ದರೆ ನಿಮಗೂ ಭಯವಾಗುತ್ತಿತ್ತು ಎಂದಳು. ಆಗುತ್ತಿತ್ತು ಎಂದು ಒಪ್ಪಿಕೊಂಡೆ. ಅದಕ್ಕೇ ಬರಲಿಲ್ಲ ಎಂದೂ ಹೇಳಿದೆ. ಗೊತ್ತಿತ್ತು ಎಂದಳು. ಸ್ವಲ್ಪ ದೂರ ನಡೆದ ಮೇಲೆ ಅವಳೇ ಮುಂದುವರಿಸಿದಳು. "ಮೇಲಕ್ಕೆ ಹೋದ್ಮೇಲೆ ಕೆಳಗೆ ಒಂದು ಕೆರೆ ಕಾಣ್ತು ಕಣ್ರೀ. ಸುತ್ತ ಗುಡ್ಡ. ನೋಡಿದ್ರೆ ನಮ್ಮೂರ ಅಯ್ಯನಕೆರೆ. ಅಕ್ಕನಿಗೆ ತೋರಿಸ್ದೆ, ಅವಳೂ ಹೌದು ಅಂದ್ಳು. ಇಬ್ಬರೂ ಕೈ ಮುಗಿದ್ವಿ."

ತಿದ್ದುವುದಕ್ಕೆ ನನ್ನ ಬಾಯಿ ತೆರೆಯಿತು. ಬೆಂಗಳೂರು ಬಿಟ್ಟ ವಿಮಾನ ಹೋದದ್ದು ಈಶಾನ್ಯಕ್ಕೆ. ಎರಡು ದಿನ ಆ ದಾರಿಯ ಮೇಲೆ ಬೆರಳಿಟ್ಟುಕೊಂಡು ಕೂತವನು ನಾನು. ಸಖರಾಯಪಟ್ಟಣ ಇರುವುದು ಅದರ ಬೆನ್ನ ಹಿಂದೆ, ಪಶ್ಚಿಮಕ್ಕೆ. ಅದು ಆಂಧ್ರದ ಯಾವುದೋ ಕೆರೆ. ಅಯ್ಯನಕೆರೆಯಾಗಲು ಸಾಧ್ಯವೇ ಇಲ್ಲ.

"ನೀರು ಎಷ್ಟಿತ್ತು?" ಎಂದು ಕೇಳಿದೆ.

"ತುಂಬಿತ್ತು," ಎಂದಳು ಸುಮಿತ್ರ. "ಇನ್ನೇನು ಕೋಡಿ ಬೀಳೋ ಹಂಗಿತ್ತು."